ಮಂಜಗುಣಿಯಿಂದ ಬೇಡ್ತಿ ಕಣಿವೆಗೆ, ಎಣಿಸುತ್ತ

ಮಂಜಗುಣಿಗೆ ನಾವು ಹೋದದ್ದು ಅಳಿವೆ ನೋಡಲಿಕ್ಕಲ್ಲ, ಮಂಗಗಳನ್ನು ಎಣಿಸಲಿಕ್ಕೆ. ಹೋದ ಮೇಲೆ ಅಳಿವೆಯಿಂದ ಕಣ್ಣು ಕೀಳುವುದು ಕಷ್ಟವಾಯಿತು ಎನ್ನುವುದು ಬೇರೆ ಮಾತು. ಘಟ್ಟದ ಮೇಲೆ ಬೇಡ್ತಿಯಾಗಿದ್ದ ಹೊಳೆ ಅಂಕೋಲೆಯ ಸೀಮೆಗಿಳಿಯುವಾಗ ಗಂಗಾವಳಿಯಾಗಿ, ಇಲ್ಲಿ ಮೈ ಹರಡಿಕೊಂಡು ಅರಬ್ಬೀ ಸಮುದ್ರ ಸೇರುತ್ತದೆ. ಉತ್ತರ ದಂಡೆಯಲ್ಲಿ ಮಂಜಗುಣಿ, ಆಚೆ ದಂಡೆಯಲ್ಲಿ ಕುಮಟಾ ತಾಲ್ಲೂಕಿನ ಗಂಗಾವಳಿ ಊರು. ದೋಣಿ ಕಾಯುತ್ತಿದ್ದ ಕಾಲ ಹೋಗಿ ಈಗ ಸೇತುವೆ ಬಂದಿದೆ. ಉಪ್ಪುನೀರು ಒಳಗೆ ಬಂದು ಹೋಗುವ ಗಜನಿ ಭೂಮಿ, ಅದರ ಅಂಚಿಗೆ ತೆಂಗಿನ ಹಿತ್ತಲುಗಳು, ಅದರ ಹಿಂದೆ ಕೆಂಪು ಜಂಬಿಟ್ಟಿಗೆಯ ಗುಡ್ಡ. ಗುಡ್ಡದ ಕುರುಚಲು ಕಾಡಿಗೂ ತೆಂಗಿನ ಗರಿಗಳಿಗೂ ನಡುವೆ ಅಂತರವೇ ಇಲ್ಲದಷ್ಟು ಒತ್ತಿಕೊಂಡಿರುವ ಊರು.

ಹಾಗಾಗಿಯೇ ಇಲ್ಲಿ ಯಾರ ಜಗಲಿಯ ಮೇಲೆ ಕೂತರೂ ಮಾತು ಮಂಗನ ಕಡೆಗೇ ತಿರುಗುತ್ತದೆ. ಎಳೆಗಾಯಿ ಕಿತ್ತು ಒಂದು ಗುಟುಕು ಕುಡಿದು ಎಸೆಯುತ್ತವೆ, ಮಾವಿನ ಮಿಡಿ ಕಚ್ಚಿ ಉದುರಿಸುತ್ತವೆ, ಹೆಂಚು ಸರಿಸಿ ಅಡುಗೆಮನೆಗೂ ಇಳಿಯುತ್ತವೆ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಆದರೆ ಮರದ ಹಣ್ಣು ಬುಟ್ಟಿಗೆ ಬಂದು ಬಿದ್ದರಲ್ಲವೇ ಹೆಸರಿಗೆ ಬೆಲೆ ಎಂದು ಕೇಳುವವರನ್ನು ನಾನು ಕಂಡಿದ್ದೇನೆ. ಮೊದಲು ಗದ್ದೆ ಕೊಯ್ಲಾದ ಮೇಲೆ ಮರಳು ಮಿಶ್ರಿತ ನೆಲದಲ್ಲಿ ಶೇಂಗಾ ಹಾಕುತ್ತಿದ್ದವರು ಹಂದಿ ಕಾಟಕ್ಕೆ ಬೇಸತ್ತು ಬೀಳು ಬಿಟ್ಟದ್ದೂ ಇದೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಜಾಸ್ತಿಯಾಗಿಬಿಟ್ಟಿವೆ.

ಆ ಮಾತನ್ನು ಪರೀಕ್ಷಿಸುವುದೇ ನಮ್ಮ ಕೆಲಸ. ನಮ್ಮ ತಂಡಕ್ಕೆ ಬ್ಯಾನರ್ ಇಲ್ಲ, ಟೀ ಶರ್ಟ್ ಇಲ್ಲ. ಅಂಕೋಲೆ, ಕಾರವಾರದ ಕಾಲೇಜು ಹುಡುಗ ಹುಡುಗಿಯರು, ನಿವೃತ್ತ ಮೇಷ್ಟರೊಬ್ಬರು, ರಜೆ ಸಿಕ್ಕಾಗ ಬರುವ ಒಬ್ಬ ನರ್ಸ್. ಇವರನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಕಾಡು ಹೊಕ್ಕುವಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರ ಗಾರ್ಡ್ ಜತೆಯಲ್ಲೇ ನಡೆಯುತ್ತೇವೆ. ಹುಲಿ ಗಣತಿಗೆ, ಆನೆ ಗಣತಿಗೆ ಸ್ವಯಂಸೇವಕರಾಗಿ ಹೋಗಿ ಬಂದವರು ನಮ್ಮಲ್ಲಿದ್ದಾರೆ. ಆದರೆ ಮಂಗಗಳ ಗಣತಿಗೆ ಯಾರೂ ಅರ್ಜಿ ಕರೆಯುವುದಿಲ್ಲ. ಬಂದೂಕಿನ ಬಾಯಿಗೂ ಬೋನಿನ ಬಾಗಿಲಿಗೂ ಮೊದಲು ಸಿಕ್ಕಬೇಕಾದ ಪ್ರಾಣಿಯ ಲೆಕ್ಕವೇ ನಮ್ಮಲ್ಲಿಲ್ಲ ಎನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಕೆಂಪು ಮೂತಿಯ ಮಂಗಗಳನ್ನು ಎಣಿಸುವುದು ಸುಲಭವಲ್ಲ. ಮರದಲ್ಲಿರುವಾಗ ಎಣಿಸಿದರೆ ಒಂದೇ ಮಂಗ ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಗುಂಪು ಬಯಲು ದಾಟುವ ಜಾಗ ಹುಡುಕಿ ಕೂರಬೇಕು. ಮಂಜಗುಣಿಯಲ್ಲಿ ಎರಡು ಹಿತ್ತಲುಗಳ ನಡುವೆ ಒಂದು ಮಣ್ಣಿನ ರಸ್ತೆ ಇದೆ. ಗುಡ್ಡದಿಂದಿಳಿದ ಗುಂಪು ಅದನ್ನು ದಾಟದೆ ಕೆಳಗಿನ ತೆಂಗಿಗೆ ಹೋಗುವಂತಿಲ್ಲ. ಒಬ್ಬಳಿಗೆ ಮರಿಗಳನ್ನಷ್ಟೇ ಎಣಿಸುವ ಕೆಲಸ, ಒಬ್ಬನಿಗೆ ಹೆಣ್ಣುಗಳನ್ನು, ಮತ್ತೊಬ್ಬನಿಗೆ ದೊಡ್ಡ ಗಂಡುಗಳನ್ನು, ಮೇಷ್ಟರಿಗೆ ಒಟ್ಟು ತಲೆಗಳನ್ನು. ಮಾತಿಲ್ಲ, ಕೈ ತೋರಿಸುವಂತಿಲ್ಲ, ಬಿಸ್ಕತ್ತು ಬಿಚ್ಚುವಂತಿಲ್ಲ.

ಮೊದಲು ಬಂದದ್ದು ಒಂದು ಹರೆಯದ ಗಂಡು. ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತು ಎರಡೂ ಕಡೆ ನೋಡಿ ದಾಟಿತು. ಆಮೇಲೆ ಒಂದರ ಹಿಂದೆ ಒಂದು. ಹೊಟ್ಟೆಗೆ ಮರಿ ಅಂಟಿಸಿಕೊಂಡ ತಾಯಿಯೊಂದು ರಸ್ತೆಯ ನಡುವೆ ನಿಂತಿತು. ಮರಿಯ ಕಪ್ಪು ಕೂದಲಿನ ತಲೆ, ಸುಕ್ಕು ಮುಖ, ತಾಯಿಯ ಪಕ್ಕೆಯ ಕೂದಲನ್ನು ಬಿಗಿಯಾಗಿ ಹಿಡಿದ ಬೆರಳುಗಳು ಬೈನಾಕ್ಯುಲರ್ ಇಲ್ಲದೆಯೂ ಕಾಣುವಷ್ಟು ಹತ್ತಿರ. ಹುಟ್ಟಿ ವಾರವೂ ಆಗಿರಲಿಕ್ಕಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಇವುಗಳ ಹೆರಿಗೆಯ ಕಾಲ, ಒಂದು ಸಲಕ್ಕೆ ಒಂದೇ ಮರಿ. ಕೊನೆಯಲ್ಲಿ ಬಂದ ದೊಡ್ಡ ಗಂಡಿಗೆ ಬಾಲದ ತುದಿ ಇರಲಿಲ್ಲ.

ಗುಂಪು ದಾಟಿದ ಮೇಲೆ ಹಾಳೆ ಕೂಡಿಸಿದರೆ ಮೇಷ್ಟರ ಲೆಕ್ಕ 31, ಹುಡುಗರ ಮೂರು ಲೆಕ್ಕ ಸೇರಿಸಿದರೆ 27. ಇಬ್ಬರೂ ತಮ್ಮದೇ ಸರಿ ಎಂದರು. ಸರಾಸರಿ ಹಾಕೋಣ ಎಂದವನಿಗೆ ನಾನು ಒಪ್ಪಲಿಲ್ಲ. ಸಂಜೆ ಗುಂಪು ಮಲಗುವ ಮರದ ಬುಡದಿಂದ ದೂರದಲ್ಲಿ ಕೂತೆವು, ಮಾರನೆಯ ಬೆಳಗ್ಗೆ ಅವು ಇಳಿಯುವಾಗ ಮತ್ತೆ ಎಣಿಸಿದೆವು. ಅಂಬೆಗಾಲಿನ ಮರಿಗಳನ್ನು ಹುಡುಗರು ಬಿಟ್ಟಿದ್ದರು, ಮೇಷ್ಟರು ಒಂದನ್ನು ಎರಡು ಸಲ ಎಣಿಸಿದ್ದರು. ಎರಡು ಲೆಕ್ಕಗಳು ಕೂಡುವವರೆಗೂ ಒಬ್ಬರೂ ಊಟಕ್ಕೇಳಲಿಲ್ಲ. ತಂಡ ಕಟ್ಟುವುದು ಎಂದರೆ ಇದೇ ಎಂದು ನನಗೆ ಅನ್ನಿಸುತ್ತದೆ. ಉತ್ಸಾಹಿಗಳು ಎಲ್ಲೆಡೆ ಸಿಗುತ್ತಾರೆ, ತಾನು ಬರೆದ ಅಂಕಿಯನ್ನು ಹೊಡೆದುಹಾಕಲು ತಯಾರಿರುವವರು ಸಿಗುವುದು ಕಷ್ಟ.

ಆ ಬಾಲದ ತುದಿಯಿಲ್ಲದ ಗಂಡು ನಮಗೆ ದೊಡ್ಡ ಉಪಕಾರ ಮಾಡಿತು. ಅಕ್ಕಪಕ್ಕದ ಮೂರು ಕೇರಿಗಳವರು ಮೂರು ಬೇರೆ ಬೇರೆ ಗುಂಪುಗಳಿವೆ, ಒಟ್ಟು ನೂರಕ್ಕೆ ಕಡಿಮೆಯಿಲ್ಲ ಎಂದಿದ್ದರು. ಮೂರೂ ಕಡೆ ಕಾದು ನೋಡಿದಾಗ ಮೂರೂ ಕಡೆ ಅದೇ ಮೊಂಡು ಬಾಲ ಬಂತು. ಒಂದೇ ಗುಂಪು, ಬೆಳಗ್ಗೆ ಒಂದು ಕೇರಿ, ಮಧ್ಯಾಹ್ನ ಇನ್ನೊಂದು. ಈ ಸಂಗತಿಯನ್ನು ಹಿತ್ತಲಿನ ಯಜಮಾನರೊಬ್ಬರಿಗೆ ಹೇಳಿದೆ. ಅವರು ಕೆಳಗೆ ಬಿದ್ದಿದ್ದ ಮಿಳ್ಳೆಗಾಯಿಗಳನ್ನು ಕಾಲಿನಿಂದ ಒಟ್ಟು ಮಾಡುತ್ತ, "ಒಂದೇ ಗುಂಪಾದರೆ ನನ್ನ ಕಾಯಿ ಮರಕ್ಕೆ ವಾಪಸ್ ಹೋಗ್ತದ?" ಎಂದರು.

ಆ ಪ್ರಶ್ನೆಯ ಎದುರು ನಿಲ್ಲದವರು ಈ ಕೆಲಸಕ್ಕೆ ಬರಬಾರದು. ಅವರ ನಷ್ಟ ನಿಜ. ಆದರೆ ನಷ್ಟ ನಿಜವಾದ ಮಾತ್ರಕ್ಕೆ ಪ್ರಾಣಿ ಹೆಚ್ಚಿದೆ ಎನ್ನುವುದೂ ನಿಜವಾಗಬೇಕಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಅವರ ಸಂಗಡಿಗರು ಮೈಸೂರಿನ ಸುತ್ತಲಿನ ಹೆದ್ದಾರಿಗಳಲ್ಲಿ ಇದೇ ಕೆಂಪು ಮೂತಿ ಮಂಗವನ್ನು 1989ರಿಂದ ಎಣಿಸುತ್ತ ಬಂದರು. 2017ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ 25 ವರ್ಷಗಳಲ್ಲಿ ಆ ರಸ್ತೆಗಳ ಮಂಗಗಳು ಶೇಕಡಾ 65ಕ್ಕಿಂತ ಹೆಚ್ಚು ಕಡಿಮೆಯಾಗಿವೆ. ರಸ್ತೆ ಅಗಲ ಮಾಡುವಾಗ ಸಾಲುಮರಗಳು, ಅದರಲ್ಲೂ ಆಲ, ಅತ್ತಿ, ಬಸರಿಗಳು ಹೋದವು. ಮರ ಹೋದಲ್ಲಿ ಮಂಗ ಹೋಯಿತು. ದಕ್ಷಿಣ ಭಾರತ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಪ್ರಾಣಿ ಈಗ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದಂಚಿನ ಸಾಲಿಗೆ ಸೇರಿದೆ. ನಮ್ಮ ಕರಾವಳಿಯ ಹೆದ್ದಾರಿ 66 ನಾಲ್ಕು ಪಥವಾದಾಗ ಅಂಕೋಲೆಯ ಬದಿಯಲ್ಲಿ ಎಷ್ಟು ಗೋಳಿಮರಗಳು ಉರುಳಿದವು ಎಂದು ನೆನಪು ಮಾಡಿಕೊಳ್ಳಬಲ್ಲವರು ಇನ್ನೂ ಇದ್ದಾರೆ. ಕಾಡಿನ ಹಣ್ಣಿಗೆ ಬದಲು ಹಿತ್ತಲ ಕಾಯಿ ಎಂದಾಗ ಮಂಗ ಎಲ್ಲೆಡೆ ಕಡಿಮೆಯಾಗಿದ್ದರೂ ನಮ್ಮ ಹಿತ್ತಲಲ್ಲಿ ಹೆಚ್ಚಾಗಿ ಕಾಣುತ್ತದೆ.

ಕಾನೂನೂ ಈಗ ಬದಲಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಬಳಿಕ ಈ ಮಂಗ ಮೊದಲನೆಯ ಅನುಸೂಚಿಯಲ್ಲಿದೆ, ಹುಲಿ ಆನೆಗಳ ಸಾಲಿನಲ್ಲಿ. ಬೆಳೆ ಹಾಳುಮಾಡಿತು ಎಂಬ ಕಾರಣಕ್ಕೆ ಅದನ್ನು ಕೊಲ್ಲಲು ಅನುಮತಿ ಕೊಡಲು ಬರುವುದಿಲ್ಲ. ಹಂದಿ ಎರಡನೆಯ ಅನುಸೂಚಿಯಲ್ಲಿರುವುದರಿಂದ ಅಧಿಕಾರ ಪಡೆದ ಅಧಿಕಾರಿಯ ಪರವಾನಗಿಯ ಮೇಲೆ ಕೊಲ್ಲಲು ದಾರಿಯಿದೆ. ಮಂಗವನ್ನೂ ಎರಡಕ್ಕೆ ಇಳಿಸಿ ಎಂದು ನೆರೆಯ ಕೇರಳ ಕೇಂದ್ರವನ್ನು ಕೇಳಿದೆ. ನಾಳೆ ನಮ್ಮವರೂ ಕೇಳಬಹುದು. ಕೇಳುವಾಗ ಕೈಯಲ್ಲಿ ಲೆಕ್ಕ ಇರಲಿ ಎಂಬುದಷ್ಟೇ ನನ್ನ ಹಟ.

ಮಂಜಗುಣಿಯಿಂದ ಹೊಳೆಯ ಎದುರು ಮೇಲಕ್ಕೆ ಹೊರಟೆವು. ಶಿರೂರಿನಲ್ಲಿ ಯಾರೂ ಮಾತಾಡಲಿಲ್ಲ. 2024ರ ಜುಲೈ 16ರ ಬೆಳಗ್ಗೆ ಗುಡ್ಡ ಕುಸಿದು ಹೆದ್ದಾರಿಯನ್ನೂ ಜೀವಗಳನ್ನೂ ಗಂಗಾವಳಿಗೆ ತಳ್ಳಿದ ಜಾಗ. ಎದ್ದ ಅಲೆ ಆಚೆ ದಂಡೆಯ ಉಳುವರೆಯ ಮನೆಗಳಿಗೆ ಬಡಿದಿತ್ತು. ನಮ್ಮ ತಂಡದ ಹುಡುಗನೊಬ್ಬ ಆಗ ಉಳುವರೆಗೆ ಅಕ್ಕಿ ಹೊತ್ತವನು. ಬರಿಯ ಕೆಂಪು ಗಾಯವಾಗಿ ನಿಂತ ಗುಡ್ಡವನ್ನು ಅವನು ತುಂಬ ಹೊತ್ತು ನೋಡಿದ.

ಅಂಕೋಲೆ ಹುಬ್ಬಳ್ಳಿ ರಸ್ತೆ ಹಿಡಿದು ಅಗಸೂರು, ಸುಂಕಸಾಳ ದಾಟಿದರೆ ಹೊಳೆ ಮತ್ತೆ ಹತ್ತಿರ ಬರುತ್ತದೆ. ಇಲ್ಲಿಂದ ರಾಮನಗುಳಿಯ ಕಡೆಗೆ ಅಡಿಕೆ ತೋಟಗಳು, ಕಿರಿದಾದ ಗದ್ದೆಗಳು, ಸುತ್ತಲೂ ದಟ್ಟ ಕಾಡು. ಇಲ್ಲಿಯ ಮಾತಿನಲ್ಲಿ ಮಂಗಕ್ಕಿಂತ ಹಂದಿ ದೊಡ್ಡದು, ಹಾಗಾಗಿ ಹಂದಿಯ ಹೆಜ್ಜೆಗಳನ್ನೂ ಬರೆದುಕೊಳ್ಳುತ್ತ ನಡೆದೆವು. ಗದ್ದೆಯ ನಡುವೆ ಮಾಳ ಕಟ್ಟಿ, ಡಬ್ಬಿ ಬಡಿದು, ಕೂಗು ಹಾಕಿ ರಾತ್ರಿ ಕಾಯುತ್ತಿದ್ದ ತಲೆಮಾರಿಗೆ ವಯಸ್ಸಾಗಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಬೆಳೆ ರಕ್ಷಣೆಯ ಬಂದೂಕು ಇರುವ ಮನೆಗಳಲ್ಲಿ ಅದು ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಕೂರುತ್ತದೆ. ಕಾಯುವ ಮನುಷ್ಯ ಇಲ್ಲದಾದಲ್ಲಿ ಉರುಳು, ಸಿಡಿಮದ್ದು, ಕರೆಂಟಿನ ತಂತಿ ಬಂದಿವೆ. ಅವುಗಳಿಗೆ ಹಂದಿ, ಚಿರತೆ, ಕಡವೆ, ಮನೆಯ ದನ ಎಂಬ ಭೇದವಿಲ್ಲ. ನಮ್ಮ ಗಾರ್ಡ್ ದಾರಿಯಲ್ಲಿ ಬ್ರೇಕ್ ವೈರಿನ ಒಂದು ಉರುಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ನೆಲದಿಂದ ಮೊಣಕಾಲೆತ್ತರದಲ್ಲಿ, ಎಲೆ ಮುಚ್ಚಿ, ಕೊರಕಲಿನ ಬಾಯಿಗೆ ಸರಿಯಾಗಿ ಕಟ್ಟಿದ್ದ ಉರುಳು. ಕಟ್ಟಿದವನಿಗೆ ಪ್ರಾಣಿಯ ದಾರಿ ನಮ್ಮ ತಂಡಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಹಂದಿಯನ್ನು ತಿನ್ನುವವರು ಯಾರು? ಹುಲಿ, ಚಿರತೆ, ಸೀಳುನಾಯಿ. ಬ್ರಿಟಿಷರ ಕಾಲದ ಕೆನರಾ ಜಿಲ್ಲೆಯಲ್ಲಿ ಹುಲಿ ಕೊಂದು ತಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಇನಾಮು ನಿಂತು ಎಷ್ಟೋ ಕಾಲವಾಯಿತು. ಉತ್ತರಕ್ಕೆ ಕಾಳಿ ಹುಲಿ ಮೀಸಲು ಪ್ರದೇಶದಲ್ಲಿ ಹುಲಿ ಉಳಿದಿದೆ. ಆದರೆ ತೋಟಗಳ ಅಂಚಿನ ತುಂಡು ಕಾಡುಗಳಲ್ಲಿ ಹಂದಿಗೆ ಹೆದರಿಕೆ ಎಂಬುದೇ ಉಳಿದಿಲ್ಲ.

ಬೇಟೆಯಾಡುವ ಪ್ರಾಣಿಗಳನ್ನು ತೆಗೆದು ಮೇಯುವ ಪ್ರಾಣಿಯನ್ನು ಬೆಳೆಸಿದ ಪಾಠ ಅಮೆರಿಕದ ಕೈಬಾಬ್ ಪ್ರಸ್ಥಭೂಮಿಯದು. ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರಕ್ಕಿರುವ ಆ ಕಾಡನ್ನು 1906ರಲ್ಲಿ ಜಿಂಕೆಗಳಿಗಾಗಿ ಮೀಸಲಿಟ್ಟು, ಪ್ಯೂಮಾ, ತೋಳ, ಕಾಯೋಟಿಗಳನ್ನು ಸರ್ಕಾರಿ ಬೇಟೆಗಾರರು ಕೊಂದರು. ಜಿಂಕೆ ವಿಪರೀತವಾಯಿತು, ಚಿಗುರು ಮುಗಿಯಿತು, ಹಸಿವಿನಿಂದ ಸತ್ತವು. ಎಷ್ಟಿದ್ದವು? ಒಬ್ಬರು ಮೂವತ್ತು ಸಾವಿರ ಎಂದರು, ಇನ್ನೊಬ್ಬರು ಲಕ್ಷ ಎಂದರು. 1924ರ ಡಿಸೆಂಬರಿನಲ್ಲಿ ಜಾರ್ಜ್ ಮೆಕಾರ್ಮಿಕ್ ಎಂಬಾತ ನವಾಹೋ ಜನರನ್ನೂ ಕುದುರೆ ಸವಾರರನ್ನೂ ಸೇರಿಸಿಕೊಂಡು, ದನದ ಗಂಟೆ ಬಾರಿಸುತ್ತ, ಸಾವಿರಾರು ಜಿಂಕೆಗಳನ್ನು ಕಣಿವೆಗಿಳಿಸಿ ಕೊಲರಾಡೊ ನದಿ ದಾಟಿಸಿ ಆಚೆ ದಡಕ್ಕೆ ಅಟ್ಟಲು ಹೊರಟ. ಹಿಮ ಬಿತ್ತು. ಜಿಂಕೆಗಳು ಅಟ್ಟುವವರ ನಡುವಿನಿಂದಲೇ ಹಿಂದಕ್ಕೆ ಓಡಿದವು. ಒಂದೂ ನದಿ ದಾಟಲಿಲ್ಲ. ದಶಕಗಳ ಮೇಲೆ ವಿಜ್ಞಾನಿಗಳು ಹಳೆಯ ದಾಖಲೆ ಕೆದಕಿದಾಗ ಆ ಲಕ್ಷದ ಅಂಕಿಗೂ ಆಧಾರ ಗಟ್ಟಿಯಿರಲಿಲ್ಲ. ಮೈಸೂರು ಬೆಂಗಳೂರಿನಲ್ಲಿ ಹಿಡಿದ ಮಂಗಗಳನ್ನು ಲಾರಿಯಲ್ಲಿ ತಂದು ನಮ್ಮ ಘಟ್ಟದಲ್ಲಿ ಬಿಡುತ್ತಾರೆ ಎಂಬ ದೂರನ್ನು ಕೇಳಿದಾಗಲೆಲ್ಲ, ಶಿವಮೊಗ್ಗ ಜಿಲ್ಲೆಯಲ್ಲಿ ಮಂಗಗಳಿಗೊಂದು ಪಾರ್ಕ್ ಮಾಡಿ ಅಲ್ಲಿಗೆ ಸಾಗಿಸುವ ಯೋಜನೆಗೆ ಅಲ್ಲಿಯ ಜನ ಅಡ್ಡ ನಿಂತದ್ದನ್ನು ನೆನೆದಾಗಲೆಲ್ಲ, ಆ ಗಂಟೆಗಳ ಸದ್ದು ನನಗೆ ಕೇಳುತ್ತದೆ. ಒಂದು ಊರಿನ ತೊಂದರೆಯನ್ನು ಇನ್ನೊಂದು ಊರಿಗೆ ಅಟ್ಟುವುದು ಪರಿಹಾರವಲ್ಲ.

ಅದೇ ದೇಶದಲ್ಲಿ ಮುಂದೆ ಬೇರೆ ರೀತಿಯೂ ನಡೆಯಿತು. ನಾರ್ತ್ ಡಕೋಟಾದ ಥಿಯೋಡರ್ ರೂಸ್‌ವೆಲ್ಟ್ ರಾಷ್ಟ್ರೀಯ ಉದ್ಯಾನಕ್ಕೆ 1985ರಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳನ್ನು, ಒಟ್ಟು 47, ತಂದು ಬಿಟ್ಟರು. ಇಪ್ಪತ್ತೈದು ವರ್ಷಗಳಲ್ಲಿ ಅವು ಸಾವಿರದ ಆಸುಪಾಸಿಗೆ ಬೆಳೆದವು. ಜಿಂಕೆ ಜಾತಿಗೆ ತಗಲುವ ಒಂದು ಸೋಂಕು ಹರಡೀತೆಂಬ ಭಯದಿಂದ ಜೀವಂತ ಸಾಗಿಸುವ ದಾರಿ ಮುಚ್ಚಿತ್ತು. 2010ರಲ್ಲಿ ಸ್ವಯಂಸೇವಕರನ್ನು ಕರೆದಾಗ ಐದು ಸಾವಿರಕ್ಕೂ ಹೆಚ್ಚು ಜನ ಮುಂದೆ ಬಂದರು. ಲಾಟರಿ ಎತ್ತಿ, ಗುರಿ ಪರೀಕ್ಷಿಸಿ, ನಾಲ್ಕೈದು ಜನರ ತಂಡಕ್ಕೆ ಉದ್ಯಾನದ ಸಿಬ್ಬಂದಿಯನ್ನೇ ಮುಂದಾಳು ಮಾಡಿದರು. ಸೀಸವಿಲ್ಲದ ಗುಂಡು, ಕೊಂದದ್ದನ್ನು ಬೆನ್ನ ಮೇಲೆ ಹೊತ್ತು ತರುವ ಕೆಲಸ, ಮಾಂಸ ಮೂಲನಿವಾಸಿಗಳ ಮತ್ತು ಬಡವರ ಅಡುಗೆಮನೆಗೆ. ಎರಡು ಋತುಗಳಲ್ಲಿ ಎಂಟುನೂರಕ್ಕೂ ಹೆಚ್ಚು ಎಲ್ಕ್‌ಗಳನ್ನು ತೆಗೆದು ನಿಲ್ಲಿಸಿದರು. 2021ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಬೈಸನ್ ಎಂಬ ಕಾಡುದನಗಳನ್ನು ಕಡಿಮೆ ಮಾಡುವ ತಂಡದ 12 ಜಾಗಗಳಿಗೆ 45 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಈ ಸುದ್ದಿ ಕೇಳಿ ನಮ್ಮ ಹುಡುಗರು ದಿಗಿಲುಬಿದ್ದರು. ನನಗೆ ಅದರಲ್ಲಿ ಗೌರವ ತರಿಸುವುದು ಬಂದೂಕಲ್ಲ. ಎಷ್ಟಿವೆ, ಈ ನೆಲ ಎಷ್ಟನ್ನು ತಾಳುತ್ತದೆ, ಎಷ್ಟಕ್ಕೆ ನಿಲ್ಲಿಸಬೇಕು ಎನ್ನುವುದು ಮೊದಲ ಗುಂಡಿಗೂ ಮುಂಚೆ ಕಾಗದದ ಮೇಲಿತ್ತು, ಊರವರ ಮುಂದೆ ಚರ್ಚೆಯಾಗಿತ್ತು.

ನಮ್ಮಲ್ಲಿ ರಾಷ್ಟ್ರೀಯ ಉದ್ಯಾನದೊಳಗೆ ಹಾಗೆ ಮಾಡಲು ಕಾನೂನು ಬಿಡುವುದಿಲ್ಲ, ಬಿಡಬೇಕೆಂದೂ ನಾನು ಹೇಳಲಾರೆ. ಹಿಮಾಚಲ ಪ್ರದೇಶ ಸಂತಾನಹರಣದ ದಾರಿ ಹಿಡಿದು 2007ರಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂಗಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿತು. ಅಲ್ಲಿಯದು ಬೇರೆ ಜಾತಿಯ ಮಂಗ, ಬೇರೆ ಮಟ್ಟದ ಸಂಖ್ಯೆ. ಅಷ್ಟಾಗಿಯೂ ಅಲ್ಲಿಯ ರೈತರ ಗೋಳು ಮುಗಿದಿಲ್ಲ. ನಮ್ಮ ಮೂವತ್ತರ ಒಂದು ಗುಂಪಿಗೆ ಅದನ್ನು ತಂದರೆ ಮುಂದಿನ ಹತ್ತು ವರ್ಷದಲ್ಲಿ ಮಂಜಗುಣಿಯ ಮಕ್ಕಳಿಗೆ ತೋರಿಸಲು ಮಂಗ ಇರುತ್ತದೋ ಇಲ್ಲವೋ.

ಘಟ್ಟ ಹತ್ತುವ ಮೊದಲು ಎಲ್ಲರ ಕಾಲಿಗೆ ಡೆಪಾ ಎಣ್ಣೆ ಹಚ್ಚಿಸುವುದು ನರ್ಸ್ ಕೆಲಸ. ಬೇಸಿಗೆಯಲ್ಲಿ ಈ ಕಾಡಿನ ಉಣುಗು ಮಂಗನ ಕಾಯಿಲೆ ಹೊತ್ತಿರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಸಿದ್ದಾಪುರ, ಹೊನ್ನಾವರದ ಕಡೆಗೂ ಹಬ್ಬಿ ಜನರನ್ನು ಬಲಿ ತೆಗೆದುಕೊಂಡಿದೆ. ಮುಸುವ, ಕೆಂಪು ಮೂತಿ ಎರಡೂ ಇದರಿಂದ ಸಾಯುತ್ತವೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಜಾಗ ಗುರುತು ಹಾಕಿ ತಿಳಿಸಿ ಎಂದು ನಾನು ಪ್ರತಿ ಸಲ ಹೇಳುತ್ತೇನೆ. ಮಂಗ ಸತ್ತ ಸುದ್ದಿ ಬೇಗ ತಲುಪಿದರೆ ಮನುಷ್ಯ ಉಳಿಯುತ್ತಾನೆ. ಎಣಿಸುವವರು ಕಾಡಿನಲ್ಲಿ ಓಡಾಡುತ್ತಿರಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿಲ್ಲ.

ಅರಬೈಲ್ ಘಟ್ಟ ಹತ್ತಿದರೆ ಯಲ್ಲಾಪುರದ ಸೀಮೆ, ಮಾಗೋಡಿನಲ್ಲಿ ಧುಮುಕುವ ಬೇಡ್ತಿ. ಈ ಕಣಿವೆಯ ಒಂದು ಭಾಗವನ್ನು 2011ರಲ್ಲಿ ಬೇಡ್ತಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಗಳಿಗಾಗಿ ಮೀಸಲಾದದ್ದೂ ಅದೇ ಕಾಲಕ್ಕೆ. ಒಂದೇ ಜಿಲ್ಲೆಯಲ್ಲಿ ಒಂದು ಮಂಗವನ್ನು ಉಳಿಸಲು ಕಾಡು ಮೀಸಲಿಡುತ್ತೇವೆ, ಇನ್ನೊಂದು ಮಂಗವನ್ನು ಹೇಗೆ ಕಳಿಸುವುದೆಂದು ಸಭೆ ಸೇರುತ್ತೇವೆ. ಸಂರಕ್ಷಣಾ ಮೀಸಲಿನಲ್ಲಿ ಜನರನ್ನು ಎಬ್ಬಿಸುವುದಿಲ್ಲ, ಅವರ ಹಕ್ಕುಗಳು ಉಳಿಯುತ್ತವೆ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯತಿಯವರಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ಕಾಯ್ದೆಯೇ ಕುರ್ಚಿ ಇಟ್ಟಿದೆ. ಆ ಕುರ್ಚಿಯಲ್ಲಿ ಕೂರುವವರು ಕೈಯಲ್ಲಿ ಅರ್ಜಿಯ ಜತೆ ಅಂಕಿಯನ್ನೂ ಹಿಡಿದು ಹೋದರೆ ಮಾತಿನ ತೂಕ ಬೇರೆ. ಇಂಥ ಕೇರಿಯಲ್ಲಿ ಇಷ್ಟು ಹಂದಿ, ಇಷ್ಟು ಎಕರೆ ನಷ್ಟ, ಇಲ್ಲಿ ಪರವಾನಗಿ ಕೊಡಿ, ಅಲ್ಲಿ ಸೌರ ಬೇಲಿ ಕೊಡಿ, ಈ ರಸ್ತೆ ಬದಿಗೆ ಅತ್ತಿ ಬಸರಿ ನೆಡಿ, ನಷ್ಟದ ಹಣ ಕೊಯ್ಲಿನೊಳಗೆ ಕೊಡಿ ಎಂದು ಕೇಳಬಹುದು. ಹಂದಿಯನ್ನು ಕೊಲ್ಲಲೇಬೇಕಾದ ಜಾಗಗಳಿವೆ ಎಂದು ನಾನು ನಂಬುತ್ತೇನೆ. ಉರುಳಿನಲ್ಲಿ ಮೂರು ದಿನ ನರಳಿ ಸಾಯುವುದಕ್ಕಿಂತ ಲೆಕ್ಕವಿಟ್ಟು, ಪರವಾನಗಿ ಪಡೆದು, ಒಂದು ಗುಂಡಿನಲ್ಲಿ ಮುಗಿಸುವುದು ಪ್ರಾಣಿಗೂ ಮನುಷ್ಯನಿಗೂ ಮರ್ಯಾದೆ.

ಇಳಿದು ಬರುವಾಗ ರಾಮನಗುಳಿಯ ಹತ್ತಿರದ ತೋಟಿಗರೊಬ್ಬರ ಜಗಲಿಯಲ್ಲಿ ಹಾಳೆಗಳನ್ನು ಹರಡಿ ಕೂಡಿಸುತ್ತಿದ್ದೆವು. ಅವರು ನಮ್ಮ ಹಂದಿ ಹೆಜ್ಜೆಯ ಪಟ್ಟಿಯನ್ನು ಓದಿ, "ಹೊಳೆ ಆಚೆ ನೀವು ಹೋಗಲೇ ಇಲ್ಲ. ಹಂದಿ ಮಲಗೂದು ಅಲ್ಲಿ, ಗದ್ದೆಗೆ ಬರೂದು ಇಲ್ಲಿ. ಎರಡೂ ಕಡೆ ಒಂದೇ ರಾತ್ರಿ ಕೂರದೇ ಹೋದರೆ ಅದೇ ಹಂದಿನ ಎರಡು ಸಲ ಬರೀತ್ರಿ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಹೊಳೆ ದಾಟಲು ಅವರ ದೋಣಿ, ಆಚೆ ದಂಡೆಯಲ್ಲಿ ಕೂರಲು ಅವರ ತಮ್ಮ, ಈಚೆ ಮಾಳದಲ್ಲಿ ಅವರೇ. ಮಳೆ ಹಿಡಿಯುವ ಮೊದಲು ಬರುವುದೆಂದು ಮಾತಾಯಿತು, ಬೆಳದಿಂಗಳ ವಾರವನ್ನು ಪಂಚಾಂಗ ನೋಡಿ ಅವರೇ ಗೊತ್ತುಮಾಡಿದರು.